ಮಳೆಗಾಲಕ್ಕೆ ಫೈಬರ್ ದೋಣಿಯನ್ನೂ ಔಟ್‌ಬೋರ್ಡ್ ಎಂಜಿನ್ನನ್ನೂ ಎತ್ತಿಡುವ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಸಾಧನಕೇರಿ ನಿವಾಸಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹದಿನಾಲ್ಕು ಅಡಿ ಉದ್ದದ ಫೈಬರ್ ದೋಣಿಯೊಂದಿದೆ, ಅದಕ್ಕೆ 9.9 ಅಶ್ವಶಕ್ತಿಯ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ, ಹಗ್ಗ ಎಳೆದು ಚಾಲೂ ಮಾಡುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಕೂರಿಸಿದ್ದೇವೆ. ದೀಪಾವಳಿ ಕಳೆದ ಮೇಲೆ ಬೇಸಿಗೆ ಬಲಿಯುವವರೆಗೆ, ಮುಂಡರಗಿ ಕಡೆಯ ತುಂಗಭದ್ರೆಯ ಹಿನ್ನೀರಿನಲ್ಲಿ ರಜಾದಿನಗಳಂದು ಮನೆಮಂದಿಯೆಲ್ಲ ಸುತ್ತಾಡಲು, ಗಾಳ ಹಾಕಲು ಅದನ್ನು ಬಳಸುತ್ತೇವೆ. ಮಲೆನಾಡಿನಲ್ಲಿ ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬರತೊಡಗಿದರೆ ದೋಣಿ ಇಳಿಸುವ ಮಾತೇ ಇಲ್ಲ. ಆದ್ದರಿಂದ ರೋಹಿಣಿ ಮಳೆಗೆ ಮುಂಚೆಯೇ ಟ್ರೇಲರ್ ಮೇಲೆ ಹೇರಿಕೊಂಡು ಬಂದು, ನವಲಗುಂದ ರಸ್ತೆಯಲ್ಲಿರುವ ನಮ್ಮ ಅಣ್ಣನವರ ಹೊಲದ ಶೆಡ್ಡಿನಲ್ಲಿ ಸೀಗಿ ಹುಣ್ಣಿಮೆಯವರೆಗೆ ಇಡುವ ವಿಚಾರವಿದೆ. ಶೆಡ್ಡಿಗೆ ಮೇಲೆ ತಗಡಿದೆ, ಎರಡು ಬದಿಗೆ ಗೋಡೆಯಿದೆ, ನೆಲ ಮಾತ್ರ ಎರೆ ಮಣ್ಣಿನದು.

ಎಂಜಿನ್ನಿನ ಜೊತೆ ಬಂದ ಕೈಪಿಡಿಯಲ್ಲಿಯೂ ಅಂತರ್ಜಾಲದ ಬರಹಗಳಲ್ಲಿಯೂ ಇರುವುದೆಲ್ಲ ಚಳಿದೇಶಗಳಲ್ಲಿ ಚಳಿಗಾಲಕ್ಕೆ ದೋಣಿ ಎತ್ತಿಡುವ ಕ್ರಮ. ನೀರು ಹೆಪ್ಪುಗಟ್ಟದಂತೆ ಆ್ಯಂಟಿಫ್ರೀಜ್ ಹಾಕಿರಿ, ಸಿಲಿಂಡರಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಹೊಡೆಯಿರಿ, ಪೆಟ್ರೋಲಿಗೆ ಅದು ಹಳಸದಂತೆ ಸ್ಟೆಬಿಲೈಸರ್ ಬೆರೆಸಿರಿ, ದೋಣಿಯನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿರಿ ಎಂದೆಲ್ಲ ಬರೆದಿದ್ದಾರೆ. ಇವುಗಳಲ್ಲಿ ನಮ್ಮ ಸೀಮೆಗೆ ಹೊಂದುವುದು ಯಾವುದು, ಬಿಡಬೇಕಾದದ್ದು ಯಾವುದು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ. ನಾಲ್ಕೈದು ತಿಂಗಳು ಯಾರೂ ಮುಟ್ಟದೆ ನಿಂತಿರುವ ವಸ್ತು ಎಂಬುದನ್ನು ಗಮನದಲ್ಲಿಡಬೇಕಾಗಿ ವಿನಂತಿ.

ಉತ್ತರ: ಗೋಕುಲ ರಸ್ತೆ ಫಿಟ್ಟರ್, ಹುಬ್ಬಳ್ಳಿ

ನಮಸ್ಕಾರ ಸರ್. ಆ್ಯಂಟಿಫ್ರೀಜ್ ವಿಷಯವನ್ನು ಮೊದಲೇ ಬದಿಗಿಡೋಣ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಹಾಗೆ ಹಿಗ್ಗಿದ ನೀರು ಎರಕದ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು ಎಂಬ ಕಾರಣಕ್ಕೆ ಕೆನಡಾ, ನಾರ್ವೆಯಂಥ ದೇಶಗಳಲ್ಲಿ ಆ ಎಚ್ಚರಿಕೆ ಬೇಕು. ಅಲ್ಲಿಯೂ ಆ ಭಯ ಹೆಚ್ಚಾಗಿ ದೋಣಿಯ ಒಡಲೊಳಗೆ ಕೂತ ಇನ್‌ಬೋರ್ಡ್ ಎಂಜಿನ್ನುಗಳಿಗೆ. ಔಟ್‌ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ತಾನಾಗಿ ಇಳಿದುಹೋಗುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಡಿಸೆಂಬರಿನ ಮುಂಜಾನೆಯೂ ನೀರು ಗಡ್ಡೆ ಕಟ್ಟುವುದಿಲ್ಲ. ತಾವಂತೂ ಇಡುತ್ತಿರುವುದು ಮಳೆಗಾಲದಲ್ಲಿ. ಆ ಹಣವನ್ನು ಉಳಿಸಿರಿ.

ಇಲ್ಲಿ ಎಂಜಿನ್ ಕೆಡುವುದು ಹಳಸಿದ ಪೆಟ್ರೋಲಿನಿಂದ. 2023ರ ಫೆಬ್ರುವರಿಯಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಈಗ ಪಂಪುಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಅದೇ. ಹೆಚ್ಚಿನ ಔಟ್‌ಬೋರ್ಡ್ ತಯಾರಕರು ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆಂದು ಕೈಪಿಡಿಯಲ್ಲಿಯೇ ಬರೆದಿರುತ್ತಾರೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟಾಕಿಯ ತಳಕ್ಕೆ ಇಳಿಯುತ್ತವೆ, ಎಂಜಿನ್ನಿಗೆ ಪೆಟ್ರೋಲು ಎಳೆಯುವ ಕೊಳವೆಯ ಬಾಯಿ ಇರುವುದೂ ಅದೇ ತಳದಲ್ಲಿ. ಟೂ ಸ್ಟ್ರೋಕಿನಲ್ಲಿ ಇದು ಇನ್ನೂ ಅಪಾಯಕಾರಿ, ಏಕೆಂದರೆ ಎಂಜಿನ್ ಸವೆಯದಂತೆ ನಾವು ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ (ಟೂ ಸ್ಟ್ರೋಕ್ ಆಯಿಲ್) ಮೇಲಿನ ಪೆಟ್ರೋಲಿನಲ್ಲಿಯೇ ಉಳಿದುಬಿಡುತ್ತದೆ. ಅಂದರೆ ಸೀಗಿ ಹುಣ್ಣಿಮೆಯ ಹೊತ್ತಿಗೆ ಹಗ್ಗ ಎಳೆದಾಗ ಪಿಸ್ಟನ್ನಿಗೆ ಆಯಿಲ್ ಇಲ್ಲದ ನೀರು-ಎಥನಾಲ್ ಸಿಗುತ್ತದೆ. ಎಂಜಿನ್ ಚಾಲೂ ಆಗದಿದ್ದರೆ ಅದೃಷ್ಟ; ಚಾಲೂ ಆದರೆ ಪಿಸ್ಟನ್ ಬಿಗಿದುಕೊಂಡು ಸೀಜ್ ಆಗುವ ಸಂಭವ ಹೆಚ್ಚು. ಅದಲ್ಲದೆ ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲು ಆರಿ, ಅಂಟಾಗಿ, ಪೆಟ್ರೋಲು ಹಾಯುವ ಕೂದಲೆಳೆಯಷ್ಟು ಸಣ್ಣ ರಂಧ್ರವಾದ ಜೆಟ್ಟನ್ನು ಮುಚ್ಚಿಬಿಡುತ್ತದೆ. ಮಳೆಗಾಲ ಮುಗಿಯುತ್ತಲೇ ನಮ್ಮಲ್ಲಿಗೆ ಬರುವ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರಗಳಲ್ಲಿ ಬಹುಪಾಲಿನ ರೋಗ ಇದೇ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಇನ್ನೂರು ಲೀಟರಿನ ಡ್ರಮ್ಮಿನಲ್ಲಿ, ಎಂಜಿನ್ನಿನ ಕೆಳಭಾಗದ ನೀರೆಳೆಯುವ ಕಿಂಡಿ ಪೂರ್ಣ ಮುಳುಗುವಂತೆ ನೀರು ತುಂಬಿ, ಪ್ರೊಪೆಲ್ಲರ್ ಕಳಚಿ, ನ್ಯೂಟ್ರಲ್ಲಿನಲ್ಲಿ ನಿಧಾನಗತಿಯಲ್ಲಿ ಎಂಜಿನ್ ಓಡಿಸಿರಿ. ಹೊಳೆಯ ಹೂಳೆಲ್ಲ ತೊಳೆದುಹೋಗಿ, ಪಕ್ಕದ ಸಣ್ಣ ರಂಧ್ರದಿಂದ ಬೀಳುವ ಧಾರೆ ತಿಳಿಯಾಗಬೇಕು. ಇದಕ್ಕೆ ಹೊಲದ ಕೊಳವೆಬಾವಿಯ ನೀರು ಬೇಡ. ನವಲಗುಂದ, ರೋಣದ ಕಡೆಯ ಸವಳು ನೀರು ಒಳಗಿನ ಸಣ್ಣ ದಾರಿಗಳಲ್ಲಿ ಸುಣ್ಣದ ಪೊರೆ ಕಟ್ಟಿಸುತ್ತದೆ. ಮನೆಗೆ ಬರುವ ಮಲಪ್ರಭೆಯ ನಳದ ನೀರನ್ನೇ ಕ್ಯಾನುಗಳಲ್ಲಿ ಒಯ್ದರೆ ಆಯಿತು. ದೋಣಿಯನ್ನು ಕಾರವಾರದ ಕಡೆ ಸಮುದ್ರಕ್ಕೆ ಇಳಿಸಿದ್ದರೆ ಈ ತೊಳೆಯುವಿಕೆಯನ್ನು ಮಳೆಗಾಲದವರೆಗೆ ಕಾಯದೆ ಅಂದೇ ಮಾಡಬೇಕಾಗುತ್ತದೆ.

ತೊಳೆಯುವುದು ಮುಗಿಯುತ್ತಲೇ, ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲಿನ ಪೈಪು ಬಿಚ್ಚಿ, ತಾನಾಗಿ ಆರುವವರೆಗೆ ಬಿಡಿರಿ. ಅಷ್ಟಕ್ಕೇ ಬಟ್ಟಲು ಪೂರ್ಣ ಖಾಲಿಯಾಗುವುದಿಲ್ಲ. ಅದರ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಬಟ್ಟೆಗೆ ಇಳಿಸಿರಿ. ಹೀಗೆ ಪೆಟ್ರೋಲು ತೀರಿಸುವಾಗ ಸಿಲಿಂಡರಿನ ಒಳಗೋಡೆಯ ಆಯಿಲ್ ಪೊರೆಯೂ ತೆಳುವಾಗುತ್ತದೆ, ಫಾಗಿಂಗ್ ಆಯಿಲಿನ ಅವಶ್ಯಕತೆ ಬರುವುದು ಇಲ್ಲಿ. ಆ ಡಬ್ಬಿ ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗದಿದ್ದರೆ ಚಿಂತೆ ಬೇಡ. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ಚಹಾ ಚಮಚದಷ್ಟು ತಾವು ಬಳಸುವ ಟೂಟಿ ಆಯಿಲನ್ನೇ ಬಿಟ್ಟು, ಹಗ್ಗವನ್ನು ನಾಲ್ಕಾರು ಸಲ ಮೆಲ್ಲಗೆ ಎಳೆದರೆ ಅದು ಎಲ್ಲ ಕಡೆ ಹರಡಿಕೊಳ್ಳುತ್ತದೆ. ಎಳೆಯುವ ಮುನ್ನ ಕಿತ್ತರೆ ಎಂಜಿನ್ ಆರಿಸುವ ಸುರಕ್ಷತೆಯ ಕೆಂಪು ದಾರವನ್ನು ಕಿತ್ತಿಟ್ಟಿರಿ, ಪ್ಲಗ್ಗಿನ ವೈರುಗಳನ್ನು ಎಂಜಿನ್ನಿನ ಲೋಹದ ಮೈಗೆ ತಾಗಿಸಿಡಿರಿ. ಗಾಳಿಯಲ್ಲಿ ತೂಗಾಡುವ ವೈರಿನಿಂದ ಕಿಡಿ ಕೊಡುವ ಸಿಡಿಐ ಪೆಟ್ಟಿಗೆ ಸುಡಬಹುದು, ಅದರ ಬೆಲೆ ಸಣ್ಣದಲ್ಲ.

ಕೊನೆಯದಾಗಿ ಗೇರ್ ಆಯಿಲ್. ಇದನ್ನು ಹಂಗಾಮು ಶುರುವಾಗುವಾಗ ಬದಲಿಸೋಣ ಎಂದು ಅನೇಕರು ಮುಂದೂಡುತ್ತಾರೆ; ನನ್ನ ಅಭಿಪ್ರಾಯದಲ್ಲಿ ಎತ್ತಿಡುವ ಮೊದಲೇ ಬದಲಿಸಬೇಕು. ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಬಿಚ್ಚಿದಾಗ ಇಳಿಯುವ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಹೊಕ್ಕಿದೆ, ಸೀಲು ಹೋಗಿದೆ ಎಂದೇ ಅರ್ಥ. ಆ ನೀರು ನಾಲ್ಕು ತಿಂಗಳು ಬೇರಿಂಗುಗಳ ಮೇಲೆ ಕೂತರೆ ತುಕ್ಕು ಗ್ಯಾರಂಟಿ. ಗಾಳ ಹಾಕುವವರಾದ್ದರಿಂದ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ನೈಲಾನ್ ದಾರ ಸುತ್ತಿಕೊಂಡಿದೆಯೇ ನೋಡಿರಿ, ಸೀಲನ್ನು ಕೊಯ್ಯುವುದು ಸಾಮಾನ್ಯವಾಗಿ ಅದೇ. ಹೊಸ ಆಯಿಲನ್ನು ಕೆಳಗಿನ ರಂಧ್ರದಿಂದಲೇ ಒತ್ತಿ ತುಂಬಿಸಬೇಕು. ಮೇಲಿನ ರಂಧ್ರದಿಂದ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದನ್ನು ಹೊಸ ವಾಶರ್ ಸಹಿತ ಬಿಗಿಯಬೇಕು. ಬಳಿಕ ಎಂಜಿನ್ನನ್ನು ದೋಣಿಯಿಂದ ಇಳಿಸಿ, ಮರದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿರಿ, ಅಡ್ಡ ಮಲಗಿಸಬೇಡಿರಿ.

ಉತ್ತರ: ವರದಾ ದಂಡೆ, ಹಾವೇರಿ

ಫಿಟ್ಟರ್ ಅವರು ಎಂಜಿನ್ನಿನ ವಿಷಯದಲ್ಲಿ ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಆದರೆ ತಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಎರೆ ಮಣ್ಣಿನ ನೆಲ’ ಎಂಬ ಮಾತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆ ಬಿದ್ದೊಡನೆ ಉಬ್ಬುತ್ತದೆ, ಮೆತ್ತಗಾಗುತ್ತದೆ. ಶೆಡ್ಡಿನೊಳಗೆ ಮಳೆ ಬೀಳದಿದ್ದರೂ ಹೊರಗಿನ ತೇವ ನೆಲದಡಿಯಿಂದ ಹರಿದು ಬರುತ್ತದೆ. ಟ್ರೇಲರಿನ ಒಂದು ಬದಿಯ ಜಾಕು ಎರಡು ಇಂಚು ಕುಸಿದು ಇನ್ನೊಂದು ಬದಿ ಹಾಗೆಯೇ ನಿಂತರೆ, ದೋಣಿಯ ಭಾರವೆಲ್ಲ ಒಂದೇ ಆಧಾರದ ಮೇಲೆ ಬಿದ್ದು, ತಿಂಗಳುಗಟ್ಟಲೆ ಹಾಗೆ ಇದ್ದಲ್ಲಿ ಫೈಬರ್ ಅಲ್ಲಿ ತಗ್ಗು ಬೀಳುತ್ತದೆ. ಆದ್ದರಿಂದ ಪ್ರತಿಯೊಂದು ಆಧಾರದ ಕೆಳಗೂ ಅಗಲವಾದ ಫರ್ಸಿ ಕಲ್ಲು ಹಾಕಿ, ಅದರ ಮೇಲೆ ಮರದ ದಿಮ್ಮಿ ಇಡಿರಿ. ಮರವನ್ನು ನೇರವಾಗಿ ಮಣ್ಣಿಗೆ ತಾಗಿಸಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಅದು ದಿಮ್ಮಿಯಿಂದ ದೋಣಿಯ ಹಲಗೆಗೂ ಏರುತ್ತದೆ. ತಿಂಗಳಿಗೊಮ್ಮೆ ಅಣ್ಣನವರು ಮಟ್ಟಗೋಲು ಹಿಡಿದು ನೋಡಿದರೆ ಸಾಕು.

ಭಾರ ಬೀಳಬೇಕಾದದ್ದು ದೋಣಿಯ ನಡುಬೆನ್ನಿನ ಮೇಲೆ, ಹಾಗೂ ಎಂಜಿನ್ ಕೂರುವ ಹಿಂಬದಿಯ ಹಲಗೆಯ ಕೆಳಗೆ. ಪಕ್ಕದ ಆಧಾರಗಳು ದೋಣಿ ಹೊರಳದಂತೆ ತಡೆದರೆ ಸಾಕು. ಅವುಗಳ ಮೇಲೆ ಭಾರ ಹೊರಿಸಬಾರದು. ಮೂತಿಯ ಕಡೆ ಅರ್ಧ ಅಡಿ ಎತ್ತರಿಸಿ, ಹಿಂಬದಿಯ ತಳದ ಬಿರಡೆ ತೆಗೆದಿಡಿರಿ, ಒಳಗೆ ಬಿದ್ದ ನೀರು ಅದೇ ದಾರಿಯಿಂದ ಹೋಗಲಿ. ಬಿರಡೆ ಹಾಗೆಯೇ ಇದ್ದು, ತಗಡಿನ ತೂತಿನಿಂದ ಸೋರಿದ ನೀರು ನಾಲ್ಕು ಚದರ ಮೀಟರಿನ ತಳದಲ್ಲಿ ಹತ್ತು ಸೆಂಟಿಮೀಟರ್ ನಿಂತರೂ ನಾಲ್ಕುನೂರು ಕಿಲೋ ಭಾರವಾಗುತ್ತದೆ. ಖಾಲಿ ದೋಣಿಯ ತೂಕಕ್ಕಿಂತ ಅದು ಹೆಚ್ಚು. ತೆಗೆದ ಬಿರಡೆಯನ್ನು ಎಂಜಿನ್ನಿನ ಹಿಡಿಕೆಗೆ ದಾರದಿಂದ ಕಟ್ಟಿರಿ, ಮತ್ತೆ ನೀರಿಗೆ ಇಳಿಸುವಾಗ ಕಣ್ಣಿಗೆ ಬೀಳುತ್ತದೆ.

ಮಗುಚಿ ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ನಾಲ್ಕು ಜನ ಸೇರಿದರೆ ಈ ಅಳತೆಯ ದೋಣಿಯನ್ನು ಮಗುಚಬಹುದು, ನೀರು ನಿಲ್ಲುವ ಪ್ರಶ್ನೆಯೂ ಉಳಿಯುವುದಿಲ್ಲ. ಆದರೆ ಹೊಲದ ಶೆಡ್ಡಿನಲ್ಲಿ ಮಗುಚಿದ ದೋಣಿಯ ಅಡಿಗೆ ನಾಯಿ ಬಂದು ಮರಿ ಹಾಕುತ್ತದೆ, ಹಾವೂ ಸೇರಿಕೊಳ್ಳುತ್ತದೆ. ಟ್ರೇಲರ್ ಇರುವಾಗ ಆ ಉಸಾಬರಿ ಏಕೆ?

ಹೊದಿಕೆಯ ವಿಷಯದಲ್ಲಿ ಚಳಿದೇಶದ ಬರಹಗಳನ್ನು ಅನುಸರಿಸಿದರೆ ಕೇಡೇ ಹೆಚ್ಚು. ಅಲ್ಲಿ ಹಿಮ ಒಳಗೆ ಬಾರದಂತೆ ಬಿಗಿಯಾಗಿ ಸುತ್ತುತ್ತಾರೆ. ನಮ್ಮಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಗಾಳಿಯೇ ಹಸಿಯಾಗಿರುತ್ತದೆ. ತಾಡಪತ್ರಿಯನ್ನು ದೋಣಿಯ ಮೈಗೆ ಅಂಟಿಸಿ ಕಟ್ಟಿದರೆ ಒಳಗೆ ಸಿಕ್ಕಿಬಿದ್ದ ತೇವ ಹಾರುವುದಕ್ಕೆ ದಾರಿಯಿಲ್ಲದೆ ಸೀಟುಗಳ ಮೇಲೆ ಬೂಷ್ಟು ಬೆಳೆಯುತ್ತದೆ, ತಾಡಪತ್ರಿ ಗಾಳಿಗೆ ಉಜ್ಜಿ ಉಜ್ಜಿ ಹೊಳಪಿನ ಪದರ ಮಾಸುತ್ತದೆ. ಉದ್ದಕ್ಕೆ ಒಂದು ಬಿದಿರಿನ ಗಳ ಕಟ್ಟಿ, ಅದರ ಮೇಲಿಂದ ತಾಡಪತ್ರಿಯನ್ನು ಎರಡೂ ಬದಿಗೆ ಇಳಿಬಿಟ್ಟು, ಎರಡು ತುದಿಗಳನ್ನು ಗಾಳಿಯಾಡಲು ತೆರೆದಿಡಿರಿ. ತಮ್ಮ ಶೆಡ್ಡಿನ ಗೋಡೆಯಿಲ್ಲದ ಬದಿ ಪಡುವಣಕ್ಕಿದ್ದರೆ ಅಲ್ಲಿ ಒಂದು ತಟ್ಟಿ ಕಟ್ಟಿಸುವುದು ಒಳ್ಳೆಯದು, ಮುಂಗಾರಿನ ಎರಚಲು ಬರುವುದು ಆ ದಿಕ್ಕಿನಿಂದಲೇ.

ಇನ್ನೊಂದು ಪರೀಕ್ಷೆ. ಎಂಜಿನ್ ಕಳಚಿದ ಮೇಲೆ, ಅದು ಕೂರುತ್ತಿದ್ದ ಹಿಂಬದಿಯ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅಲ್ಲಲ್ಲಿ ತಟ್ಟಿ ನೋಡಿರಿ. ಬಹಳಷ್ಟು ಫೈಬರ್ ದೋಣಿಗಳಲ್ಲಿ ಅದರೊಳಗೆ ಪ್ಲೈವುಡ್ ಇರುತ್ತದೆ. ಎಲ್ಲೆಡೆ ಗಟ್ಟಿ ಸದ್ದು ಬಂದು ಬೋಲ್ಟಿನ ರಂಧ್ರಗಳ ಸುತ್ತ ಮಾತ್ರ ಮೆತ್ತಗೆ ‘ದಬ್’ ಎಂದರೆ ಅಲ್ಲಿಂದ ನೀರು ಒಳಗೆ ಹೋಗಿ ಮರ ಕೊಳೆಯುತ್ತಿದೆ ಎಂದು ತಿಳಿಯಬೇಕು. ರಂಧ್ರವನ್ನು ಮೇಲಿನಿಂದ ಮೇಣ ಹಚ್ಚಿ ಮುಚ್ಚುವುದು ಆಗ ತಪ್ಪು. ತೆರೆದಿಟ್ಟು ಪೂರ್ಣ ಒಣಗಿಸಿ, ಆಮೇಲೆ ಎಪಾಕ್ಸಿ ತುಂಬಬೇಕು.

ಉತ್ತರ: ಭೀಷ್ಮಕೆರೆ ಬದಿ, ಗದಗ

ಹಳೆಯ ಪೆಟ್ರೋಲು ಉಳಿಸಬಾರದೆಂಬ ಫಿಟ್ಟರ್ ಅವರ ಮಾತನ್ನು ಟಾಕಿಗೂ ಅನ್ವಯಿಸಿ, ಅದನ್ನು ಖಾಲಿ ಇಡುವುದಕ್ಕೆ ನನ್ನ ಸಹಮತವಿಲ್ಲ. ಟಾಕಿಯನ್ನು ಖಾಲಿ ಇಟ್ಟರೆ ಒಳಗಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಗಟ್ಟುತ್ತದೆ. ಹಗಲು ಕಾದು ರಾತ್ರಿ ಆರುವ ತಗಡಿನ ಶೆಡ್ಡಿನಲ್ಲಿ ಇದು ದಿನಾಲೂ ನಡೆಯುವ ಕ್ರಿಯೆ. ಆದ್ದರಿಂದ ಸ್ಟೆಬಿಲೈಸರ್ ಬೆರೆಸಿ, ಟಾಕಿಯನ್ನು ಶೇಕಡಾ 95ರಷ್ಟು ತುಂಬಿಸಿಡುವುದೇ ಸರಿ ಎಂದು ದೋಣಿ ತಯಾರಕರೇ ಹೇಳುತ್ತಾರೆ. ಹನಿಗಟ್ಟುವುದಕ್ಕೆ ಗಾಳಿಯ ಜಾಗವೇ ಇರುವುದಿಲ್ಲ.

ಇದಲ್ಲದೆ ಲೈಫ್ ಜಾಕೆಟ್ಟುಗಳನ್ನು ಯಾರೂ ಪ್ರಸ್ತಾಪಿಸಿಲ್ಲ. ಅವುಗಳನ್ನು ನಳದ ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ, ಮನೆಯೊಳಗೆ ತೂಗುಹಾಕಿರಿ. ಹೊಲದ ಶೆಡ್ಡಿನಲ್ಲಿ ಬಿಟ್ಟರೆ ಇಲಿಗಳು ಫೋಮಿನಲ್ಲಿ ಗೂಡು ಮಾಡುತ್ತವೆ. ಒಳಗೆ ಟೊಳ್ಳಾದ ಜಾಕೆಟ್ಟು ಹೊರಗಿನಿಂದ ಚೆನ್ನಾಗಿಯೇ ಕಾಣಿಸುತ್ತದೆ. ದೀಪಕ್ಕೋ ಮೀನು ಹುಡುಕುವ ಯಂತ್ರಕ್ಕೋ ಬ್ಯಾಟರಿ ಇಟ್ಟುಕೊಂಡಿದ್ದರೆ ಅದನ್ನೂ ಮನೆಗೆ ತನ್ನಿರಿ. ಪೂರ್ಣ ಚಾರ್ಜಾದ ಲೆಡ್ ಆ್ಯಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.4ಕ್ಕೆ ಇಳಿದಾಗ ಮತ್ತೆ ಚಾರ್ಜಿಗೆ ಹಾಕಿರಿ. ತಿಂಗಳಿಗೊಮ್ಮೆ ನೋಡಿದರೆ ಸಾಲುತ್ತದೆ.

ಮರುಪ್ರಶ್ನೆ: ಸಾಧನಕೇರಿ ನಿವಾಸಿ, ಧಾರವಾಡ

ಎಲ್ಲರಿಗೂ ಅನಂತ ಧನ್ಯವಾದಗಳು. ನಮ್ಮದು 24 ಲೀಟರಿನ, ಕೈಯಲ್ಲಿ ಎತ್ತಿಕೊಂಡು ಹೋಗುವ ಪ್ಲಾಸ್ಟಿಕ್ ಟಾಕಿ. ತುಂಬಿಸಿಡಬೇಕೇ, ಖಾಲಿ ಮಾಡಬೇಕೇ ಎಂಬುದು ಈಗ ಗೊಂದಲವಾಗಿದೆ. ಖಾಲಿ ಮಾಡುವುದಾದರೆ ಆಯಿಲ್ ಬೆರೆಸಿದ ಹತ್ತು ಲೀಟರಿನಷ್ಟು ಪೆಟ್ರೋಲನ್ನು ಏನು ಮಾಡುವುದು? ಮನೆಯ ಸ್ಕೂಟರಿಗೆ ಹಾಕಬಹುದೇ? ಟ್ರೇಲರಿಗೆ ಬೇರೆ ಏನಾದರೂ ಮಾಡಬೇಕೇ?

ಉತ್ತರ: ಗೋಕುಲ ರಸ್ತೆ ಫಿಟ್ಟರ್, ಹುಬ್ಬಳ್ಳಿ

ಗದಗಿನ ಹಿರಿಯರು ಹೇಳಿದ ಮಾತು ದೋಣಿಯ ಒಡಲಿನಲ್ಲಿಯೇ ಕೂರಿಸಿದ ದೊಡ್ಡ ಟಾಕಿಗಳಿಗೆ ಸರಿಯಾದದ್ದು. ಅವುಗಳನ್ನು ಪೂರ್ಣ ಖಾಲಿ ಮಾಡುವುದು ಕಷ್ಟ. ತಳದಲ್ಲಿ ಉಳಿದ ಸ್ವಲ್ಪ ಪೆಟ್ರೋಲೇ ತೇವ ಹೀರಿ ಕೆಡುತ್ತದೆ, ಆದ್ದರಿಂದ ತುಂಬಿಸಿಡುವುದೇ ಲೇಸು. ತಮ್ಮ ಬಿಡಿ ಟಾಕಿಯ ಮಾತೇ ಬೇರೆ. ಅದನ್ನು ಮಗುಚಿ ಕೊನೆಯ ಹನಿಯವರೆಗೂ ಇಳಿಸಿ, ಒಣಗಿಸಿ, ಗಾಳಿ ಕಿಂಡಿ ಮುಚ್ಚಿ ಒಳಗಿಡಬಹುದು. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ. ಒಂದೆರಡು ಹನಿ ಕಟ್ಟಿದರೂ ಪೆಟ್ರೋಲು ತುಂಬುವ ಮುನ್ನ ಒರೆಸಿದರೆ ಮುಗಿಯಿತು. ಅದೂ ಅಲ್ಲದೆ, ಹೊಟ್ಟು-ಮೇವು ಒಟ್ಟಿರುವ ಹೊಲದ ಶೆಡ್ಡಿನಲ್ಲಿ 24 ಲೀಟರ್ ಪೆಟ್ರೋಲು ನಾಲ್ಕು ತಿಂಗಳು ಕೂತಿರುವುದು ಬೆಂಕಿಯ ದೃಷ್ಟಿಯಿಂದ ನನಗೆ ಒಪ್ಪಿಗೆಯಿಲ್ಲ. ಸ್ಟೆಬಿಲೈಸರ್ ಪೆಟ್ರೋಲು ಹಳಸುವುದನ್ನು ನಿಧಾನಿಸುತ್ತದೆಯೇ ಹೊರತು, ಒಮ್ಮೆ ಬೇರ್ಪಟ್ಟ ನೀರನ್ನು ಮತ್ತೆ ಬೆರೆಸುವ ಶಕ್ತಿ ಅದಕ್ಕಿಲ್ಲ.

ಆಯಿಲ್ ಬೆರೆತ ಪೆಟ್ರೋಲನ್ನು ಸ್ಕೂಟರಿಗೆ ಹಾಕಬೇಡಿರಿ, ಈಗಿನವೆಲ್ಲ ಫೋರ್ ಸ್ಟ್ರೋಕ್. ಹೊಗೆ ಕಾರುತ್ತವೆ, ಸೈಲೆನ್ಸರಿನೊಳಗೆ ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಹಾಳಾಗುತ್ತದೆ. ಅಣ್ಣನವರ ಹತ್ತಿರ ಟೂ ಸ್ಟ್ರೋಕ್ ಪವರ್ ಸ್ಪ್ರೇಯರ್ ಇದ್ದರೆ ಅದಕ್ಕೆ ಬಳಸಲಿ. ಮುಂಗಾರಿನ ಹೆಸರು ಬೆಳೆಗೆ ಹೇಗೂ ಔಷಧ ಹೊಡೆಯಬೇಕಾಗುತ್ತದೆ. ಆದರೆ ಪ್ರಮಾಣ ನೋಡಿಕೊಳ್ಳಬೇಕು. ತಮ್ಮ ಎಂಜಿನ್ನಿಗೆ 50 ಲೀಟರಿಗೆ 1 ಲೀಟರ್ ಆಯಿಲ್ ಲೆಕ್ಕವಿದ್ದು, ಸ್ಪ್ರೇಯರಿಗೆ 25ಕ್ಕೆ 1 ಎಂದು ಬರೆದಿದ್ದರೆ, ಕೊರತೆಯಾದಷ್ಟು ಆಯಿಲನ್ನು ಮತ್ತೆ ಸೇರಿಸಿಯೇ ಹಾಕಬೇಕು.

ಟ್ರೇಲರಿನ ವಿಷಯಕ್ಕೆ ಬಂದರೆ, ರಸ್ತೆಯಲ್ಲಿ ಓಡಿ ಬಿಸಿಯಾದ ಗಾಲಿಯ ಹಬ್ಬನ್ನು ದೋಣಿ ಇಳಿಸಲು ನೀರಿಗೆ ಅದ್ದಿದಾಗ ಅದು ಒಮ್ಮೆಲೆ ತಣಿದು ಒಳಕ್ಕೆ ನೀರು ಎಳೆದುಕೊಳ್ಳುತ್ತದೆ. ಎರಡೂ ಗಾಲಿಗಳ ಬೇರಿಂಗ್ ಬಿಚ್ಚಿ, ಹಳೆಯ ಗ್ರೀಸನ್ನು ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ತುಂಬಿಸಿರಿ. ಟೈರುಗಳು ನೆಲ ಮುಟ್ಟದಂತೆ ಅಚ್ಚಿನ ಕೆಳಗೆ ಆಧಾರ ಕೊಡಿರಿ.

ಇನ್ನು ಅಕ್ಟೋಬರಿನಲ್ಲಿ ಎಂಜಿನ್ ತೆಗೆದಾಗ, ಡ್ರಮ್ಮಿಗೆ ಇಳಿಸುವ ಮೊದಲೇ ನೀರಿನ ಧಾರೆ ಬೀಳುವ ಸಣ್ಣ ರಂಧ್ರಕ್ಕೂ ಟಾಕಿಯ ಗಾಳಿ ಕಿಂಡಿಗೂ ತೆಳುವಾದ ತಂತಿ ಹಾಕಿ ನೋಡಿರಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತುಗಳೆಂದರೆ ಬಲು ಇಷ್ಟ. ಎಂಜಿನ್ ಚಾಲೂ ಆಗಿ ಅರ್ಧ ನಿಮಿಷದೊಳಗೆ ಧಾರೆ ಕಾಣದಿದ್ದರೆ ಕೂಡಲೇ ನಿಲ್ಲಿಸಿರಿ. ನೀರೆಳೆಯುವ ಪಂಪಿನೊಳಗೆ ತಿರುಗುವ ರಬ್ಬರಿನ ಇಂಪೆಲ್ಲರ್ ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಬಾಗಿ ನಿಂತು ಎಲೆಗಳು ಸೆಟೆದುಕೊಂಡಿರುತ್ತವೆ, ಬದಲಿಸದೆ ಗತಿಯಿಲ್ಲ. ಅದು ಇಲ್ಲಿಯ ಅಂಗಡಿಗಳಲ್ಲಿ ತಕ್ಷಣಕ್ಕೆ ಸಿಗುವ ಸಾಮಾನಲ್ಲ; ಎಂಜಿನ್ನಿನ ಹಿಡಿಕಟ್ಟಿನ ಬಳಿ ಅಂಟಿಸಿದ ಪಟ್ಟಿಯ ಮೇಲಿರುವ ಮಾದರಿ ಸಂಖ್ಯೆಯನ್ನು ಈಗಲೇ ಬರೆದುಕೊಂಡು, ಗ್ಯಾಸ್ಕೆಟ್ ಸಹಿತ ಒಂದು ಇಂಪೆಲ್ಲರನ್ನು ಮಳೆಗಾಲದೊಳಗೆ ತರಿಸಿಟ್ಟುಕೊಳ್ಳಿರಿ.

ಉತ್ತರ: ಭೀಷ್ಮಕೆರೆ ಬದಿ, ಗದಗ

ಬಿಡಿ ಟಾಕಿ ಎಂದು ಮೊದಲೇ ತಿಳಿದಿದ್ದರೆ ನಾನೂ ಖಾಲಿ ಮಾಡಿರಿ ಎಂದೇ ಬರೆಯುತ್ತಿದ್ದೆ. ಟಾಕಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಹಾಗೂ ನಡುವಿನ ಒತ್ತುವ ಗುಂಡನ್ನು ಸಹ ಬರಿದು ಮಾಡಿರಿ. ಹಳೆಯ ಪೈಪಾಗಿದ್ದರೆ ಒಮ್ಮೆ ಬಾಗಿಸಿ ನೋಡಿರಿ. ಎಥನಾಲಿನಿಂದ ಒಳಪದರ ಬಿರಿದಿದ್ದರೆ ಹೊಸದಾಗಿ ಕೊಳ್ಳುವಾಗ ಎಥನಾಲ್ ತಾಳುವ ಪೈಪನ್ನೇ ಕೇಳಿ ಪಡೆಯಿರಿ.